ದೀಪವನ್ನು ಬಿಟ್ಟು ಬೆಳಕನ್ನರಸುವವರು

ನಮ್ಮ ಸಾಹಿತ್ಯಪಾಠದಲ್ಲಿ ಒಂದು ಪ್ರಶ್ನೆ ಬಲವಾಗಿ ಬೇರೂರಿಬಿಟ್ಟಿದೆ. ಕವಿತೆಯಾಗಲಿ, ಕಾದಂಬರಿಯಾಗಲಿ, ಹಳಗನ್ನಡದ ಚಂಪುವಾಗಲಿ, ಅದರಲ್ಲಿ ಬರುವ ಒಂದು ವಸ್ತುವನ್ನು ಬೆರಳಿಟ್ಟು ತೋರಿಸಿ ‘ಇದು ಯಾವುದರ ಪ್ರತೀಕ?’ ಎಂದು ಕೇಳುವುದು. ಪ್ರಶ್ನಪತ್ರಿಕೆಯಲ್ಲಿ ಇದಕ್ಕೆ ಎರಡು ಅಂಕ. ಪೇಟೆಯಲ್ಲಿ ಮಾರುವ ಪ್ರಶ್ನೋತ್ತರಮಾಲೆಗಳಲ್ಲಿ ಇದಕ್ಕೆ ಒಂದು ಸಾಲಿನ ಉತ್ತರ. ಹಕ್ಕಿಯು ಕಾಲದ ಪ್ರತೀಕ, ಬಿಚ್ಚಿದ ಮುಡಿ ಸೇಡಿನ ಪ್ರತೀಕ, ಭೂತವು ಪರಂಪರೆಯ ಪ್ರತೀಕ, ದುಡಿಯು ಶೋಷಿತನ ಆಕ್ರಂದನದ ಪ್ರತೀಕ. ಇಷ್ಟನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಬೇಂದ್ರೆ, ಪಂಪ, ಅಡಿಗ, ಕಾರಂತ ನಾಲ್ವರನ್ನೂ ದಾಟಿ ಹೋಗಬಹುದು. ಓದಿಕೊಂಡೇ ದಾಟಬೇಕೆಂಬ ನಿರ್ಬಂಧವೇನೂ ಇಲ್ಲ.

ಈ ಉತ್ತರಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಸುಳ್ಳಾಗಿದ್ದರೆ ತಿದ್ದುವುದು ಸುಲಭವಾಗುತ್ತಿತ್ತು. ಇವು ಒಂದು ಬಗೆಯಲ್ಲಿ ನಿಜ. ಆದರೆ ಹಣ್ಣನ್ನು ತಿನ್ನದೆ ಅದರ ಹೆಸರನ್ನು ಸರಿಯಾಗಿ ಹೇಳಿದವನ ನಿಜ. ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಕವಿತೆಯನ್ನೇ ತೆಗೆದುಕೊಳ್ಳೋಣ. 1932ರಲ್ಲಿ ಹೊರಬಂದ ‘ಗರಿ’ ಸಂಕಲನದಲ್ಲಿರುವ ಈ ಕವಿತೆಯನ್ನು ಓದದೆ ಕನ್ನಡ ಶಾಲೆಯನ್ನು ಮುಗಿಸಿದವರು ವಿರಳ. ಅಲ್ಲಿನ ಹಕ್ಕಿ ಕಾಲವೇ ಎಂಬುದರಲ್ಲಿ ವಿವಾದವಿಲ್ಲ. ಆದರೆ ಕಾಲಕ್ಕೆ ಬಣ್ಣವಿಲ್ಲ. ಹಕ್ಕಿಗೆ ಬಣ್ಣಬಣ್ಣದ ಗರಿಗಳಿವೆ. ಕಾಲವನ್ನು ಕಂಡವರಿಲ್ಲ, ಹಕ್ಕಿಯನ್ನಾದರೋ ತಲೆಯೆತ್ತಿದವರೆಲ್ಲ ಕಾಣಬಹುದು. ಆದುದರಿಂದಲೇ ಕವಿತೆಯ ಪಲ್ಲವಿ ಹೇಳಿಕೆಯಾಗಿಲ್ಲ, ಪ್ರಶ್ನೆಯಾಗಿದೆ. ಅದೂ ನಮ್ಮೆಲ್ಲರನ್ನೂ ಎದುರಿಗೆ ನಿಲ್ಲಿಸಿಕೊಂಡು ಕೇಳುವ ಪ್ರಶ್ನೆ. ‘ಹಕ್ಕಿ ಎಂದರೆ ಕಾಲ’ ಎಂದು ಬರೆದು ಲೇಖನಿಯನ್ನು ಕೆಳಗಿಟ್ಟವನು ಆ ಪ್ರಶ್ನೆಗೆ ಉತ್ತರ ಕೊಟ್ಟಂತಾಗಲಿಲ್ಲ. ಕವಿ ಕೇಳಿದ್ದು ‘ನೋಡಿದಿರಾ’ ಎಂದು. ನಾವು ಹೇಳಿದ್ದು ‘ಗೊತ್ತು’ ಎಂದು.

ಇಲ್ಲಿ ಕೆಲವು ಮಾತುಗಳನ್ನು ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಸಂಕೇತ, ಪ್ರತೀಕ, ರೂಪಕ, ಪ್ರತಿಮೆ ಎಂಬ ಶಬ್ದಗಳನ್ನು ನಾವು ಒಂದೇ ಸೇರಿನಲ್ಲಿ ಅಳೆಯುತ್ತಿದ್ದೇವೆ. ರೈಲ್ವೆ ನಿಲ್ದಾಣದ ಕೆಂಪು ದೀಪ ಸಂಕೇತ. ಅದು ‘ನಿಲ್ಲು’ ಎಂಬುದಕ್ಕೆ ಜನ ಮಾಡಿಕೊಂಡ ಒಪ್ಪಂದ. ನಾಳೆ ಎಲ್ಲರೂ ಕೂಡಿ ನೀಲಿ ದೀಪವನ್ನು ಗೊತ್ತುಮಾಡಿದರೂ ರೈಲು ನಿಂತೇ ನಿಲ್ಲುತ್ತದೆ. ಕಾವ್ಯದ ಪ್ರತಿಮೆ ಹಾಗಲ್ಲ. ಅದನ್ನು ತೆಗೆದು ಇನ್ನೊಂದನ್ನಿಟ್ಟರೆ ಅರ್ಥವೇ ಬೇರೆಯಾಗುತ್ತದೆ. ಹಕ್ಕಿಯ ಬದಲು ನದಿಯನ್ನು ತನ್ನಿ. ಕಾಲಕ್ಕೆ ನದಿಯ ಹೋಲಿಕೆ ಹಳೆಯದೇ, ಸೊಗಸಾದುದೇ. ಆದರೆ ನದಿಗೆ ದಡಗಳಿವೆ, ಅದು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ. ಸಾಮ್ರಾಜ್ಯಗಳ ಮೇಲೆ, ಖಂಡಗಳ ಮೇಲೆ, ಗ್ರಹಗಳ ಕಡೆಗೆ ಹಾರುವ ಆ ಸ್ವೈರಗತಿ ನದಿಗೆಲ್ಲಿಂದ ಬರಬೇಕು? ಎರಡಕ್ಕೂ ‘ಕಾಲದ ಪ್ರತೀಕ’ ಎಂಬ ಒಂದೇ ಚೀಟಿಯನ್ನು ಅಂಟಿಸುವುದಾದರೆ ಬೇಂದ್ರೆಯವರು ಹಕ್ಕಿಯನ್ನು ಆರಿಸಿಕೊಂಡ ಶ್ರಮವೆಲ್ಲ ವ್ಯರ್ಥವಾಯಿತು.

ಈ ವಿಚಾರದಲ್ಲಿ ನಮ್ಮ ಹಿರಿಯರು ನಮಗಿಂತ ಎಚ್ಚರದವರಾಗಿದ್ದರು. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಅವಂತಿವರ್ಮನ ಕಾಲದಲ್ಲಿ ಬಾಳಿದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ, ಕಾವ್ಯದ ಆತ್ಮ ಧ್ವನಿ ಎಂದು ಸಾರಿದವನು. ವಾಚ್ಯಾರ್ಥಕ್ಕೆ ಮೀರಿದ ಅರ್ಥಕ್ಕೆ ಅವನು ಕೊಟ್ಟಷ್ಟು ಮನ್ನಣೆಯನ್ನು ಅವನಿಗಿಂತ ಮುಂಚೆ ಯಾರೂ ಕೊಟ್ಟಿರಲಿಲ್ಲ. ಅಂಥವನು ವಾಚ್ಯಾರ್ಥವನ್ನು ಹಗುರವಾಗಿ ಕಂಡಿರಬೇಕೆಂದು ಊಹಿಸಿದರೆ ತಪ್ಪಾಗುತ್ತದೆ. ಬೆಳಕು ಬೇಕಾದವನು ದೀಪದ ಕುಡಿಯ ವಿಷಯದಲ್ಲಿ ಹೇಗೆ ಜಾಗರೂಕನಾಗಿರುತ್ತಾನೋ, ವ್ಯಂಗ್ಯಾರ್ಥ ಬೇಕಾದವನು ವಾಚ್ಯಾರ್ಥದ ವಿಷಯದಲ್ಲಿ ಹಾಗೆಯೇ ಜಾಗರೂಕನಾಗಿರಬೇಕು ಎಂಬುದು ಅವನ ಅಭಿಪ್ರಾಯ. ಹನ್ನೊಂದು ನೂರು ವರ್ಷಗಳಾದರೂ ಈ ಉಪಮೆ ಮಾಸಿಲ್ಲ. ಬೆಳಕು ದೀಪವಲ್ಲ, ನಿಜ. ಆದರೆ ದೀಪವನ್ನು ಆರಿಸಿ ಬೆಳಕನ್ನು ಮಾತ್ರ ಚೀಲದಲ್ಲಿ ತುಂಬಿಕೊಂಡು ಬಂದವರಿಲ್ಲ.

ಆಲಂಕಾರಿಕರು ಮತ್ತೆ ಮತ್ತೆ ಎತ್ತಿಕೊಳ್ಳುವ ‘ಗಂಗೆಯಲ್ಲಿ ಹಟ್ಟಿ’ ಎಂಬ ಉದಾಹರಣೆ ತೀರ ಸಾಮಾನ್ಯವಾದುದು. ಹರಿಯುವ ಹೊಳೆಯೊಳಗೆ ಗೊಲ್ಲರ ಹಟ್ಟಿ ಇರಲಾರದು. ಆದಕಾರಣ ಗಂಗೆಯೆಂದರೆ ಗಂಗಾತೀರವೆಂದು ಲಕ್ಷಣೆಯಿಂದ ಅರ್ಥಮಾಡಿಕೊಳ್ಳುತ್ತೇವೆ. ಹಾಗಾದರೆ ನೇರವಾಗಿ ‘ತೀರದಲ್ಲಿ’ ಎನ್ನಬಹುದಾಗಿತ್ತಲ್ಲ? ಎನ್ನಬಹುದಾಗಿತ್ತು, ಆದರೆ ಆಗ ತಂಪೂ ಪಾವಿತ್ರ್ಯವೂ ಹೊರಟುಹೋಗುತ್ತಿದ್ದುವು. ಅರ್ಥ ಹೊಂದದೆಂದು ನಾವು ಪಕ್ಕಕ್ಕೆ ಸರಿಸಿದ ಗಂಗೆಯೇ ಹಿಂದಿನಿಂದ ಬಂದು ಹಟ್ಟಿಯನ್ನು ತಂಪುಮಾಡುತ್ತದೆ. ನಮ್ಮ ‘ಕವಿರಾಜಮಾರ್ಗ’ದಲ್ಲಿಯೂ ಧ್ವನಿಯ ಪ್ರಸ್ತಾಪವುಂಟು, ಅಲಂಕಾರಗಳಲ್ಲಿ ಒಂದಾಗಿ. ಈ ಶಾಸ್ತ್ರವನ್ನೆಲ್ಲ ತೀ. ನಂ. ಶ್ರೀಕಂಠಯ್ಯನವರು 1953ರಲ್ಲಿಯೇ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ತಿಳಿಗನ್ನಡದಲ್ಲಿ ನಮ್ಮ ಮುಂದಿಟ್ಟರು. ಎಂ. ಎ. ತರಗತಿಗಳಲ್ಲಿ ಆ ಗ್ರಂಥವನ್ನು ಒಂದು ಪತ್ರಿಕೆಗಾಗಿ ಓದಿ, ಪಕ್ಕದ ಪತ್ರಿಕೆಯಲ್ಲಿ ಕವಿತೆಯನ್ನು ಎದುರಿಸುವಾಗ ಮರೆತುಬಿಡುವ ಪದ್ಧತಿಯೂ ನಮ್ಮಲ್ಲಿದೆ.

ಇನ್ನು ದ್ರೌಪದಿಯ ಮುಡಿಯ ವಿಚಾರ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಏಕೆಂದರೆ ಒಂದು ವಸ್ತು ಪ್ರತಿಮೆಯಾಗಿ ಬೆಳೆಯುವ ಬಗೆಯನ್ನು ಇದರಷ್ಟು ನಿಚ್ಚಳವಾಗಿ ತೋರಿಸುವ ಉದಾಹರಣೆ ನಮ್ಮಲ್ಲಿ ಬೇರೆ ಸಿಗದು.

ವ್ಯಾಸಭಾರತದ ಸಭಾಪರ್ವದಲ್ಲಿ ದುಶ್ಶಾಸನನು ದ್ರೌಪದಿಯ ಕೂದಲಿಗೆ ಕೈಹಾಕುವಾಗ ಕವಿ ಒಂದು ಚಿಕ್ಕ ವಿವರವನ್ನು ಸೇರಿಸುತ್ತಾನೆ: ರಾಜಸೂಯಯಾಗದ ಅವಭೃಥಸ್ನಾನದಲ್ಲಿ ಮಂತ್ರಪೂತವಾದ ನೀರಿನಿಂದ ನೆನೆದ ಕೂದಲು ಅದು. ವ್ಯಾಸನು ಇದು ಇಂಥದರ ಸಂಕೇತವೆಂದು ಹೇಳಲಿಲ್ಲ. ಒಂದು ಸ್ನಾನವನ್ನು ನೆನಪಿಗೆ ತಂದ, ಅಷ್ಟೆ. ಆದರೆ ಆ ನೆನಪಿನಿಂದ, ಪಾಂಡವರ ಚಕ್ರವರ್ತಿಪದವಿಯೂ ದುಶ್ಶಾಸನನ ಮುಷ್ಟಿಯೂ ಒಂದೇ ಕೂದಲಿನಲ್ಲಿ ಬಂದು ಸೇರಿದುವು. ಮುಂದೆ ಉದ್ಯೋಗಪರ್ವದಲ್ಲಿ ಕೃಷ್ಣನು ಸಂಧಿಗೆ ಹೊರಟಾಗ ದ್ರೌಪದಿ ಆ ಕೂದಲನ್ನೇ ಕೈಯಲ್ಲಿ ಹಿಡಿದು ತೋರಿಸುತ್ತಾಳೆ. ಸಂಧಿಯ ಮಾತು ನಡೆಯುವಾಗಲೆಲ್ಲ ಇದು ನೆನಪಿರಲಿ ಎನ್ನುತ್ತಾಳೆ. ಬಳಿಕ ಭಟ್ಟನಾರಾಯಣನು ಸಂಸ್ಕೃತದಲ್ಲಿ ‘ವೇಣೀಸಂಹಾರ’ವನ್ನು ಬರೆದಾಗ ಬಿಚ್ಚಿದ ಜಡೆ, ಅದನ್ನು ಕಟ್ಟುವ ಭೀಮನ ಪ್ರತಿಜ್ಞೆ, ಇವೇ ಇಡೀ ನಾಟಕದ ಸೂತ್ರವಾದುವು.

ಪಂಪನ ‘ವಿಕ್ರಮಾರ್ಜುನ ವಿಜಯ’ 941ರ ಕೃತಿ. ಅಲ್ಲಿ ಭೀಮನು ದುಶ್ಶಾಸನನನ್ನು ಕೊಂದು, ಅವನ ನೆತ್ತರಿನಿಂದ ದ್ರೌಪದಿಯ ಕೂದಲನ್ನು ನೆನೆಯಿಸಿ, ಅವನ ಹಲ್ಲುಗಳನ್ನೇ ಹಣಿಗೆಯನ್ನಾಗಿ ಮಾಡಿ ಬಾಚಿ, ಕರುಳನ್ನೇ ಹೂವಿನ ದಂಡೆಯಂತೆ ಮುಡಿಸುತ್ತಾನೆ. ಓದುವವರಿಗೆ ಜುಗುಪ್ಸೆಯಾಗುತ್ತದೆ, ಆಗಬೇಕಾದುದೇ. ಆದರೆ ಕೆಲಸಗಳ ಅನುಕ್ರಮವನ್ನು ಗಮನಿಸಿ: ನೀರು ಹಾಕುವುದು, ಬಾಚುವುದು, ಮುಡಿಸುವುದು. ಮನೆಮನೆಯಲ್ಲಿ ಬೆಳಗ್ಗೆ ನಡೆಯುವ ತಲೆಬಾಚುವ ಕೆಲಸವೇ ಇದು, ಒಂದು ಹೆಜ್ಜೆಯನ್ನೂ ತಪ್ಪಿಸದೆ. ಹಿಂದೆ ಅವಭೃಥದ ನೀರಿನಿಂದ ನೆನೆದದ್ದು ಈಗ ನೆತ್ತರಿನಿಂದ ನೆನೆಯಿತು. ಈ ಭೀಕರತೆಗೆಲ್ಲ ಮೂಲ ಇಲ್ಲಿನ ಮನೆವಾರ್ತೆಯ ನಿಷ್ಠೆಯಲ್ಲಿದೆ. ‘ಮುಡಿ ಸೇಡಿನ ಪ್ರತೀಕ’ ಎಂದವನಿಗೆ ಹಣಿಗೆ ಕಾಣಿಸುವುದಿಲ್ಲ.

ಅನಂತರ ಭೀಮನು ಆ ಮುಡಿಯನ್ನು ಕುರಿತು ಆಡುವ ಪದ್ಯವನ್ನು ಪಂಪನನ್ನು ಬಲ್ಲವರೆಲ್ಲ ಬಲ್ಲರು. ಬೆಳ್ಗೊಡೆಗಳಿಂದ ಹತ್ತು ದಿಕ್ಕುಗಳನ್ನೂ ಮುಚ್ಚಿದ್ದ ರಾಜರ ಸಮೂಹ ಇದರಲ್ಲಿ ಅಳಿದುಹೋಯಿತು, ಕುರುವಂಶ ಇದರಲ್ಲಿಯೇ ಅಡಗಿತು, ನನ್ನ ಪ್ರತಾಪ ಇದರಿಂದಲೇ ಹೆಚ್ಚಿತು, ಮಹಾಭಾರತಕ್ಕೆ ಇದೇ ಮೊದಲಾಯಿತು ಎಂಬುದು ಅದರ ತಾತ್ಪರ್ಯ. ತಾತ್ಪರ್ಯವನ್ನು ಹೇಳಿದ್ದರಿಂದ ಪದ್ಯವನ್ನು ಹೇಳಿದಂತಾಗಲಿಲ್ಲ. ಅಲ್ಲಿ ಕವಿ ಬಳಸಿರುವ ಎರಡು ಶಬ್ದಗಳನ್ನು ಮಾತ್ರ ನೋಡೋಣ. ಕೂದಲಿನ ರಾಶಿಗೆ ಸಂಸ್ಕೃತದಲ್ಲಿ ‘ಕೇಶಪಾಶ’ ಎನ್ನುವುದು ರೂಢಿ. ಸಮೂಹವೆಂದು ಆ ‘ಪಾಶ’ದ ಅರ್ಥ. ಆದರೆ ಪಾಶವೆಂದರೆ ಕುಣಿಕೆಯೂ ಹೌದು, ಯಮನ ಕೈಯಲ್ಲಿರುವುದೂ ಅದೇ. ಅದರ ಜೊತೆಗೆ ಬರುವ ‘ಪ್ರಪಂಚ’ಕ್ಕೆ ವಿಸ್ತಾರವೆಂಬ ಅರ್ಥವುಂಟು, ಲೋಕವೆಂಬ ಅರ್ಥವೂ ಉಂಟು. ಹೆಂಗಸಿನ ನೀಳವಾದ ಕೂದಲನ್ನು ವರ್ಣಿಸುವ, ಶೃಂಗಾರಕಾವ್ಯದಲ್ಲಿ ಸಾವಿರ ಸಲ ಬಳಸಿ ಸವೆದುಹೋದ ಮಾತಿನೊಳಗೆ ಒಂದು ಕುಣಿಕೆಯೂ ಒಂದು ಲೋಕವೂ ಅವಿತುಕೊಂಡಿದ್ದುವು. ಪಂಪ ಅವುಗಳನ್ನು ಎಬ್ಬಿಸಿದ. ಎಬ್ಬಿಸಲು ಅವನು ಹೊಸ ಶಬ್ದವನ್ನು ತರಬೇಕಾಗಲಿಲ್ಲ. ಕೂದಲು ಕೂದಲಾಗಿಯೇ ಉಳಿದು ಕುಣಿಕೆಯಾಯಿತು. ಕೂದಲನ್ನು ಕೈಬಿಟ್ಟು ಕುಣಿಕೆಯನ್ನು ಮಾತ್ರ ಹಿಡಿದರೆ, ಭೀಮನು ಪ್ರೀತಿಯಿಂದ ಮುಡಿಸುತ್ತಿದ್ದಾನೆ ಎಂಬ ಅಂಶವೇ ಮಾಯವಾಗುತ್ತದೆ. ಆ ಪದ್ಯ ಸೇಡಿನ ಪದ್ಯವೆಂಬಷ್ಟೇ ಪ್ರೇಮದ ಪದ್ಯವೂ ಆಗಿದೆಯೆಂದು ನನ್ನ ನಂಬಿಕೆ. ಈ ಮುಡಿಯನ್ನು ಪ್ರತಿಮೆಯೆಂದು ಕನ್ನಡಿಗರ ಕಣ್ಣಿಗೆ ಹಿಡಿದು ತೋರಿಸಿದವರಲ್ಲಿ ಕುವೆಂಪು ಮುಖ್ಯರು. 1960ರ ತಮ್ಮ ವಿಮರ್ಶಾಸಂಕಲನಕ್ಕೆ ಅವರು ‘ದ್ರೌಪದಿಯ ಶ್ರೀಮುಡಿ’ ಎಂದೇ ಹೆಸರಿಟ್ಟರು.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು, ಅದು ಹುರುಳಿಲ್ಲದ್ದೂ ಅಲ್ಲ. ‘ನಮ್ಮ ಪರಂಪರೆಯಲ್ಲಿಯೇ ಬೀಗಕ್ಕೊಂದು ಕೀಲಿಕೈ ಎಂಬ ಪದ್ಧತಿ ಇರಲಿಲ್ಲವೆ? ಅಲ್ಲಮನ ಬೆಡಗಿನ ವಚನಗಳಿಗೆ ಟೀಕಾಕಾರರು ಮಾಡಿದ್ದಾದರೂ ಏನು?’ ನಿಜ. ಬೆಡಗಿನ ವಚನಗಳಲ್ಲಿ ಐದೆಂದರೆ ಇಂದ್ರಿಯಗಳು, ಮೂರೆಂದರೆ ಮಲಗಳು ಎಂಬಂತಹ ಅರ್ಥಗಳನ್ನು ಟೀಕೆಗಳು ಒಂದೊಂದಾಗಿ ಬಿಡಿಸಿಕೊಡುತ್ತವೆ. ಅವಿಲ್ಲದಿದ್ದರೆ ಎಷ್ಟೋ ವಚನಗಳು ಇಂದು ನಮಗೆ ಒಗಟಾಗಿಯೇ ಉಳಿಯುತ್ತಿದ್ದುವು. ಆದರೆ ಅಲ್ಲಿ ಒಂದು ಸಾಧನಾಮಾರ್ಗವಿತ್ತು. ಅದರಲ್ಲಿ ನಡೆಯುವವರಿಗೆ ಆ ಸಂಕೇತಗಳು ಸಾಮಾನ್ಯ ಸ್ವತ್ತಾಗಿದ್ದುವು. ಟೀಕಾಕಾರನು ಕೀಲಿಕೈಯನ್ನು ಕೊಡುತ್ತಿದ್ದುದು ಒಳಗೆ ಹೋಗಲೆಂದು. ನಾವು ಕೀಲಿಕೈಯನ್ನು ಹಿಡಿದು ಹೊರಗೆ ನಿಂತೇ ಅಂಕ ಎಣಿಸುತ್ತೇವೆ. ಅಲ್ಲದೆ ಟೀಕೆಯೆಲ್ಲ ತಿಳಿದ ಮೇಲೆಯೂ ಅಲ್ಲಮನ ವಚನ ಮತ್ತೆ ಓದಿದಾಗ ಬೆಚ್ಚಿಬೀಳಿಸುತ್ತದೆ. ಅದರ ಬೆರಗು ಉತ್ತರದಲ್ಲಿಯೇ ಇದ್ದಿದ್ದರೆ ಒಮ್ಮೆ ಬಿಡಿಸಿದ ಒಗಟಿನಂತೆ ಸಪ್ಪೆಯಾಗಬೇಕಾಗಿತ್ತು.

ನಮ್ಮ ಈಗಿನ ಅಭ್ಯಾಸ ವಚನಟೀಕೆಗಳಿಂದ ಬಂದುದಲ್ಲ. ನವ್ಯವಿಮರ್ಶೆ ಹಳಸಿದ ಮೇಲೆ ಉಳಿದ ಗಸಿ ಇದು. ಇಪ್ಪತ್ತನೆಯ ಶತಮಾನದ ಐವತ್ತು ಅರುವತ್ತರ ದಶಕಗಳಲ್ಲಿ ನವ್ಯರು ಪ್ರತಿಮೆಯತ್ತ ಓದುಗರ ಗಮನವನ್ನು ಸೆಳೆದಾಗ ಅದರಿಂದ ಕನ್ನಡಕ್ಕೆ ಮಹೋಪಕಾರವಾಯಿತು. ಭಾವವನ್ನು ಬಾಯಿಬಿಟ್ಟು ಹೇಳುವ ಕವಿತೆಗೆ ಒಗ್ಗಿಹೋಗಿದ್ದ ನಾವು ಮಾತಿನ ಮೈಯನ್ನು ಮುಟ್ಟಿ ನೋಡುವುದನ್ನು ಕಲಿತದ್ದು ಅವರಿಂದ. ಗೋಪಾಲಕೃಷ್ಣ ಅಡಿಗರ ‘ಭೂತ’ವನ್ನು ಆ ಬಗೆಯ ಓದಿಲ್ಲದೆ ಹೊಗುವುದು ಸಾಧ್ಯವೇ ಇಲ್ಲ. 1959ರ ‘ಭೂಮಿಗೀತ’ ಸಂಕಲನದ ಕವಿತೆ ಅದು. ಭೂತವೆಂದರೆ ದೆವ್ವ, ಭೂತವೆಂದರೆ ಆಗಿಹೋದ ಕಾಲ, ಭೂತವೆಂದರೆ ಮಣ್ಣು ನೀರುಗಳೇ ಮೊದಲಾದ ಪಂಚಭೂತ. ಮೂರೂ ಕನ್ನಡದ ಒಂದೇ ಶಬ್ದದಲ್ಲಿ ಕೂಡಿ ವಾಸಮಾಡುತ್ತಿವೆ, ಮೂರೂ ಕವಿತೆಗೆ ಬೇಕು. ಕೈಪಿಡಿಯವರು ನಡುವಿನದೊಂದನ್ನು ಆರಿಸಿ ‘ಪರಂಪರೆ’ ಎಂದು ಬರೆದುಕೊಂಡರು. ಉಳಿದೆರಡು ಭೂತಗಳು ಕಾಡುತ್ತಲೇ ಇರಲೆಂದೋ ಏನೋ.

ಆ ಕವಿತೆಯ ಕೊನೆಯ ಕಡೆ ಅಗೆಯುವ ಮಾತು ಬರುತ್ತದೆ. ಮೊದಲು ಸಿಗುವುದು ಮಣ್ಣು. ಇನ್ನೂ ಆಳಕ್ಕೆ ಹೋದರೆ ಚಿನ್ನದ ಅದಿರು. ಅದಿರನ್ನು ತೆಗೆದು, ಸುಟ್ಟು, ಸೋಸಿ, ಬಡಿದು, ಇಷ್ಟದೇವತೆಯ ವಿಗ್ರಹಕ್ಕೆ ಒಗ್ಗಿಸುವ ಕಸಬನ್ನು ಇನ್ನಾದರೂ ಕಲಿಯಬೇಕೆನ್ನುತ್ತಾರೆ ಕವಿ. ಇಲ್ಲಿ ವಿದ್ಯಾರ್ಥಿಗೆ ತಿಳಿಯಬೇಕಾದುದು ಏನು? ಅದಿರೆಂದರೆ ಏನೆಂಬುದು. ಅದು ಒಡವೆಯಲ್ಲ, ನಾಣ್ಯವಲ್ಲ. ಕೋಲಾರದ ಗಣಿಯಲ್ಲಿ 2001ರವರೆಗೂ ನೆಲದೊಳಕ್ಕೆ ಇಳಿದು ಜನ ಒಡೆದು ತರುತ್ತಿದ್ದ ಕಲ್ಲು, ಅದರಲ್ಲಿ ಹೊನ್ನಿನ ಅಂಶ ತೀರ ಅಲ್ಪ. ಉಳಿದುದೆಲ್ಲ ಪುಡಿಯಾಗಿ ಗುಡ್ಡೆಗಳಾಗಿ ಊರಿನ ಪಕ್ಕದಲ್ಲಿ ಬಿದ್ದುಕೊಳ್ಳುತ್ತಿತ್ತು. ಇದನ್ನು ಬಲ್ಲವನಿಗೆ, ಹಿಂದಿನದನ್ನು ಅಗೆದು ತೆಗೆದರೆ ಸಾಲದು, ಬಹುಪಾಲನ್ನು ಚೆಲ್ಲಬೇಕಾಗುತ್ತದೆ ಎಂಬ ಕಠಿಣವಾದ ಅರ್ಥ ತಾನಾಗಿ ಹೊಳೆಯುತ್ತದೆ. ಅದಿರನ್ನರಿಯದೆ ‘ಪರಂಪರೆಯ ಮೌಲ್ಯ’ ಎಂದು ಬರೆದವನು ಅಡಿಗರನ್ನು ಪರಂಪರೆಯ ಭಜಕರನ್ನಾಗಿ ಮಾಡಿಬಿಡುತ್ತಾನೆ. ಅವರು ಅಷ್ಟು ಸುಲಭದ ಮನುಷ್ಯರಾಗಿರಲಿಲ್ಲವೆಂದು ಅವರ ಒಂದು ಪುಟ ಓದಿದವರಿಗೂ ಗೊತ್ತು.

ಇದುವರೆಗೆ ಹೇಳಿದ ನಷ್ಟವೆಲ್ಲ ರಸಾಸ್ವಾದದ ನಷ್ಟ. ಅಷ್ಟೇ ಆಗಿದ್ದರೆ ಒಬ್ಬ ಕನ್ನಡ ಅಧ್ಯಾಪಕನ ಗೊಣಗಾಟವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಪ್ರತೀಕದ ಗೀಳು ಅನ್ಯಾಯಕ್ಕೂ ದಾರಿಮಾಡುತ್ತದೆ. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ನಾನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಇದಕ್ಕಾಗಿ.

1933ರಲ್ಲಿ ಪ್ರಕಟವಾದ ಈ ಕಾದಂಬರಿಯ ಕಥೆಯನ್ನು, ಪುಸ್ತಕವನ್ನೋದದವರೂ ಬಿ. ವಿ. ಕಾರಂತರ 1975ರ ಚಲನಚಿತ್ರದಿಂದ ಬಲ್ಲರು. ಚೋಮ ಅಸ್ಪೃಶ್ಯ ಜೀತದಾಳು. ಅವನಿಗೆ ಒಂದು ಜೊತೆ ಎತ್ತುಗಳಿವೆ, ಉಳಲು ನೆಲವಿಲ್ಲ. ತಾನೂ ಬೇಸಾಯಗಾರನಾಗಬೇಕೆಂಬುದು ಅವನ ಏಕೈಕ ಆಸೆ. ಅವನ ಜಾತಿಯವರಿಗೆ ಅದು ಸಲ್ಲದೆಂಬುದು ಊರಿನ ಕಟ್ಟಳೆ. ಸಾಲ ತೀರಿಸಲು ಮಕ್ಕಳನ್ನು ಕಾಫಿತೋಟಕ್ಕೆ ಕಳುಹಿಸುತ್ತಾನೆ, ಕಳೆದುಕೊಳ್ಳುತ್ತಾನೆ. ನೀರಿನಲ್ಲಿ ಮುಳುಗುತ್ತಿರುವ ಮಗನನ್ನು, ಮುಟ್ಟಬಾರದೆಂಬ ಕಾರಣಕ್ಕೆ, ದಡದಲ್ಲಿದ್ದವರು ಎತ್ತುವುದಿಲ್ಲ. ಸಂತೋಷಕ್ಕೂ ದುಃಖಕ್ಕೂ ಅವನ ಹತ್ತಿರ ಇರುವುದೊಂದು ದುಡಿ. ಕೊನೆಗೆ ಅದನ್ನೇ ಬಾರಿಸುತ್ತ ಬಾರಿಸುತ್ತ ಸಾಯುತ್ತಾನೆ.

ಈ ದುಡಿಯನ್ನು ಕುರಿತು ಬಂದ ಉತ್ತರಗಳನ್ನು ವರ್ಷವರ್ಷವೂ ಓದುತ್ತಿದ್ದೇನೆ. ಮೊದಲು ಅದು ಶೋಷಿತನ ಆಕ್ರಂದನವಾಗಿತ್ತು. ಆಮೇಲೆ ಮಾನವನ ಅಸಹಾಯಕತೆಯಾಯಿತು. ಈಚೆಗೆ ‘ಅಸ್ತಿತ್ವದ ಲಯ’ವಾಗಿದೆ. ಹೀಗೆ ಒಂದೊಂದು ಮೆಟ್ಟಿಲು ಏರಿದಂತೆಲ್ಲ ಚೋಮ ಕೆಳಗೆ ಉಳಿದುಬಿಡುತ್ತಾನೆ. ಮಾನವನ ಅಸಹಾಯಕತೆ ಎಂದ ಕೂಡಲೆ ನನಗೂ ನಿಮಗೂ ಅದರಲ್ಲಿ ಒಂದು ಪಾಲು ಸಿಕ್ಕಿತು. ನಾವೆಲ್ಲರೂ ಒಂದಲ್ಲ ಒಂದು ಸಂಜೆ ಅಸಹಾಯಕರೇ. ಆದರೆ ನಮಗೆ ಯಾರೂ ಗದ್ದೆಯನ್ನು ಜಾತಿಯ ಕಾರಣದಿಂದ ನಿರಾಕರಿಸಲಿಲ್ಲ. ನಮ್ಮ ಮಗು ಮುಳುಗುವಾಗ ಮೈಲಿಗೆಗೆ ಹೆದರಿ ಯಾರೂ ದಡದಲ್ಲಿ ನಿಲ್ಲಲಿಲ್ಲ. ಕಾರಂತರು ಬರೆದದ್ದು ಇದನ್ನು. ಪ್ರತೀಕವೆಂಬ ಏಣಿ ಎಷ್ಟು ಅನುಕೂಲವಾದುದೆಂದರೆ, ಅದನ್ನು ಹತ್ತಿ ನಾವು ಕಾದಂಬರಿಯ ಆಪಾದನೆಯಿಂದ ತಪ್ಪಿಸಿಕೊಂಡು ಪಾರಾಗಬಹುದು, ಅದೂ ವಿಮರ್ಶಕರೆಂಬ ಹೆಸರಿನೊಂದಿಗೆ.

ಹಾಗಾದರೆ ದುಡಿ ಬರಿಯ ದುಡಿಯೆ? ಅಲ್ಲ; ಆದರೆ ಮೊದಲು ದುಡಿ. ಅದು ತೊಗಲು ಬಿಗಿದ ವಾದ್ಯ. ಸತ್ತ ದನವನ್ನು ಹೊತ್ತೊಯ್ಯುವ ಕೆಲಸವನ್ನು ಯಾರ ಪಾಲಿಗೆ ಬಿಟ್ಟಿತ್ತೋ ಅವರಿಗೆ, ಬದುಕಿರುವ ಎತ್ತನ್ನು ತಮ್ಮ ಗದ್ದೆಯಲ್ಲಿ ಹೂಡುವ ಹಕ್ಕನ್ನು ಆ ಸಮಾಜ ಕೊಟ್ಟಿರಲಿಲ್ಲ. ಚೋಮನ ಗುಡಿಸಲಿನ ಹೊರಗೆ ಎತ್ತು, ಒಳಗೆ ದುಡಿ. ಒಂದನ್ನು ಅವನು ಬಳಸುವಂತಿಲ್ಲ, ಇನ್ನೊಂದನ್ನು ಎಷ್ಟು ಬಾರಿಸಿದರೂ ಕೇಳುವವರಿಲ್ಲ. ಎರಡೂ ತೊಗಲೇ. ಇದಿಷ್ಟೂ ದುಡಿ ಎಂಬ ಪದಾರ್ಥವನ್ನು ಕೈಯಲ್ಲಿ ಹಿಡಿದು ನೋಡಿದ್ದರಿಂದ ಬಂದ ಅರ್ಥವೇ ಹೊರತು ಮೇಲಿನಿಂದ ಹೊದಿಸಿದ್ದಲ್ಲ. ಮತ್ತೂ ಒಂದುಂಟು. ಕನ್ನಡದಲ್ಲಿ ‘ದುಡಿ’ ನಾಮಪದ ಮಾತ್ರವಲ್ಲ, ಧಾತುವೂ ಹೌದು. ‘ದುಡಿ’ ಎಂದು ಆಳಿಗೆ ಹೇಳುವ ಆಜ್ಞೆಯ ರೂಪವೂ ಅದೇ. ಜನ್ಮವೆಲ್ಲ ಧಣಿಗಳ ಬಾಯಿಂದ ಆ ಮಾತನ್ನು ಕೇಳಿದವನು ತನ್ನ ಕೈಯಿಂದ ಅದೇ ಹೆಸರಿನ ವಾದ್ಯವನ್ನು ನುಡಿಸುತ್ತಾನೆ. ಕಾರಂತರು ಈ ಶ್ಲೇಷವನ್ನು ಉದ್ದೇಶಿಸಿದ್ದರೆ ಎಂಬ ಪ್ರಶ್ನೆ ಬಂದೀತು.

ತರಗತಿಯಲ್ಲಿ ಈ ಪ್ರಶ್ನೆ ಬಾರದ ದಿನವೇ ಇಲ್ಲ: ‘ಸರ್, ಕವಿಗೆ ಇದೆಲ್ಲ ಹೊಳೆದಿತ್ತೆ? ನಾವೇ ಕಲ್ಪಿಸಿಕೊಂಡು ಹೇಳುತ್ತಿಲ್ಲವೆ?’ ಒಳ್ಳೆಯ ಪ್ರಶ್ನೆ. ಮುಂದಿನ ಬೆಂಚಿನವರಿಗಿಂತ ಹಿಂದಿನ ಬೆಂಚಿನವರೇ ಇದನ್ನು ಹೆಚ್ಚಾಗಿ ಕೇಳುತ್ತಾರೆ. ಕವಿಯ ಮನಸ್ಸನ್ನು ಹೊಕ್ಕು ನೋಡುವ ಉಪಾಯ ನಮಗಿಲ್ಲ, ಬೇಕಾಗಿಯೂ ಇಲ್ಲ. ಕೇಳಬೇಕಾದುದು, ಕೃತಿಯ ಉಳಿದ ಮಾತುಗಳು ಈ ಅರ್ಥವನ್ನು ಒಪ್ಪುತ್ತವೆಯೆ ಎಂದು. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯವನ್ನು ಕವಿಯಿಂದ ನಿರೀಕ್ಷಿಸಿದ. ಓದುಗನಿಂದಲೂ ಅದನ್ನು ನಿರೀಕ್ಷಿಸುವುದರಲ್ಲಿ ತಪ್ಪಿಲ್ಲ. ದುಡಿತದ ಅರ್ಥವನ್ನು ‘ಚೋಮನ ದುಡಿ’ಯ ಪುಟಪುಟವೂ ಒಪ್ಪುತ್ತದೆ. ದುಡಿಯ ಗುಂಡಗಿನ ಆಕಾರವನ್ನು ಕಂಡು ಸೃಷ್ಟಿಚಕ್ರವೆಂದೋ ಶೂನ್ಯವೆಂದೋ ಹೇಳಹೊರಟರೆ ಒಂದು ಪುಟವೂ ಒಪ್ಪದು. ಹಾಗೆ ಹೇಳುವವರೂ ಇದ್ದಾರೆ. ಬಾವಿ ಕಂಡಲ್ಲಿ ಸುಪ್ತಪ್ರಜ್ಞೆ, ಹಾವು ಕಂಡಲ್ಲಿ ಕಾಮ, ಮರ ಕಂಡಲ್ಲಿ ವಂಶ! ನಮ್ಮ ಕಾದಂಬರಿಗಳಲ್ಲಿ ಒಬ್ಬ ಹೆಂಗಸು ನೀರು ಸೇದಲೆಂದು ಮಾತ್ರ ಬಾವಿಗೆ ಹೋದ ದಿನವೇ ಇಲ್ಲವೆನ್ನಬೇಕು.

ಇಷ್ಟೆಲ್ಲ ಆದಮೇಲೆ, ಪಾಠ ಹೇಳುವವರು ಏನು ಮಾಡಬೇಕು ಎಂದು ಕೇಳಬಹುದು. ಪ್ರತೀಕದ ಪ್ರಶ್ನೆಯನ್ನು ಪೂರ್ತಿ ಬಿಟ್ಟುಬಿಡಿ ಎನ್ನಲಾರೆ. ಅದರ ಸ್ಥಾನವನ್ನು ಮಾತ್ರ ಬದಲಾಯಿಸಬೇಕು. ನಾನು ಕೆಲವು ವರ್ಷಗಳಿಂದ ಮೊದಲ ಪಾಠದಲ್ಲಿ ಆ ಶಬ್ದವನ್ನೇ ಎತ್ತುವುದಿಲ್ಲ. ಪಂಪನ ಪ್ರಸಂಗವಾದರೆ, ಭೀಮನು ಕ್ರಮವಾಗಿ ಮಾಡಿದ ಕೆಲಸಗಳನ್ನು ಬರೆಯಿರಿ, ಅವುಗಳನ್ನು ನಿಮ್ಮ ಮನೆಯಲ್ಲಿ ಯಾರು ಯಾರಿಗೆ ಮಾಡುತ್ತಾರೆಂದು ಬರೆಯಿರಿ ಎನ್ನುತ್ತೇನೆ. ಒಮ್ಮೆ ಒಬ್ಬ ಹುಡುಗಿ ಎರಡನೆಯದಕ್ಕೆ ‘ಅಜ್ಜಿ, ನನಗೆ, ಶಾಲೆಗೆ ಹೋಗುವ ಮುಂಚೆ’ ಎಂದಷ್ಟೇ ಬರೆದು, ಪದ್ಯವನ್ನು ಮತ್ತೆ ಓದಿ, ಪುಸ್ತಕವನ್ನು ಮುಚ್ಚಿಬಿಟ್ಟಳು. ಅವಳಿಗೆ ಅರ್ಥವಾಗಿತ್ತು, ನಾನು ವಿವರಿಸಲು ಹೋಗಲಿಲ್ಲ. ‘ಚೋಮನ ದುಡಿ’ಯಾದರೆ, ದುಡಿಯ ಸದ್ದು ಎಲ್ಲೆಲ್ಲಿ ಬರುತ್ತದೆ, ಅದಕ್ಕೆ ಮುಂಚೆ ಏನು ನಡೆದಿತ್ತು, ಅದನ್ನು ಯಾರು ಕೇಳಿಸಿಕೊಂಡರು, ಯಾರು ಕೇಳಿಸಿಕೊಳ್ಳಲಿಲ್ಲ ಎಂದು ಪಟ್ಟಿ ಮಾಡಿಸುತ್ತೇನೆ. ಈ ಪಟ್ಟಿಯನ್ನು ಮೊಬೈಲಿನಲ್ಲಿ ಸಿಗುವ ಸಾರಾಂಶ ನೋಡಿ ಮಾಡಲಾಗುವುದಿಲ್ಲ, ಪುಸ್ತಕವನ್ನು ತೆರೆಯಲೇಬೇಕು. ಪಟ್ಟಿ ಮುಗಿಯುವ ಹೊತ್ತಿಗೆ ದುಡಿ ಯಾವುದರ ಪ್ರತೀಕವೆಂಬ ಪ್ರಶ್ನೆಯನ್ನು ಕೇಳಬೇಕಾಗುವುದೇ ಅಪರೂಪ.

ಪ್ರಶ್ನಪತ್ರಿಕೆಯನ್ನು ತಯಾರಿಸುವ ಮಿತ್ರರೊಡನೆ ಈ ಮಾತನ್ನು ಆಡಿದಾಗ ಅವರ ಆಕ್ಷೇಪಣೆ ಒಂದೇ: ಇಂಥ ಉತ್ತರಗಳಿಗೆ ಅಂಕ ಕೊಡುವುದು ಹೇಗೆ? ಇಬ್ಬರ ಪಟ್ಟಿ ಒಂದೇ ಸಮನಾಗಿ ಇರುವುದಿಲ್ಲ, ಮಾದರಿ ಉತ್ತರವನ್ನು ಸಿದ್ಧಪಡಿಸಲಾಗುವುದಿಲ್ಲ, ಮೌಲ್ಯಮಾಪನದ ಕೇಂದ್ರದಲ್ಲಿ ಜಗಳವಾಗುತ್ತದೆ. ಅವರ ತೊಂದರೆಯನ್ನು ನಾನು ಬಲ್ಲೆ. ಬೇಸಗೆಯಲ್ಲಿ ಆ ಕೇಂದ್ರಗಳಲ್ಲಿ ಕುಳಿತು ನಾನೂ ಪತ್ರಿಕೆಗಳನ್ನು ತಿದ್ದುತ್ತೇನೆ. ‘ದುಡಿಯು ಶೋಷಣೆಯ ಪ್ರತೀಕವಾಗಿದೆ’ ಎಂಬ ಸಾಲಿಗೆ ಎರಡು ಅಂಕ ಹಾಕಲು ಎರಡು ಕ್ಷಣ ಸಾಕು. ದುಡಿ ಎಷ್ಟು ಸಲ ಕೇಳಿಸಿತೆಂದು ಬರೆದ ಉತ್ತರವನ್ನು ತಿದ್ದುವಾಗ ಮೇಜಿನ ಮೇಲೆ ಕಾದಂಬರಿಯ ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕಾಗುತ್ತದೆ.